ಬಿಳಿ ಹೆಲ್ಮೆಟ್ ಬಿಟ್ಟುಹೋದ ಕಳ್ಳ

ಜೂನ್ ತಿಂಗಳ ಎರಡನೇ ಗುರುವಾರ ಬೆಳಿಗ್ಗೆ ಹಮಾಸೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳಲು ಕಾನ್‌ಸ್ಟೆಬಲ್ ನರುಸೆಗೆ ಮನಸ್ಸೇ ಬರಲಿಲ್ಲ. ದೂರುದಾರ ಹತಾನೊ ರುಯಿ, ವಯಸ್ಸು ಇಪ್ಪತ್ತಾರು. ವಾರವಿಡೀ ಮೀನು ಮಾರುಕಟ್ಟೆಯಲ್ಲಿ ಐಸ್ ಗಾಡಿ ತಳ್ಳಿ, ಭಾನುವಾರ ಬೈಕ್ ರೇಸಿಗೆ ಇಳಿಯುವ ಹುಡುಗ.

"ನನ್ನ ಹೆಲ್ಮೆಟ್ ಕದ್ದಿದಾರೆ ಸಾರ್. ಶೆಡ್ಡಿನ ಬೀಗ ತೆಗೆದು ಒಳಗೆ ಬಂದಿದಾರೆ. ಅದರ ಜಾಗದಲ್ಲಿ ಇದನ್ನ ಇಟ್ಟು ಹೋಗಿದಾರೆ."

ಮೇಜಿನ ಮೇಲೆ ಹೊಚ್ಚಹೊಸ ಬಿಳಿ ಹೆಲ್ಮೆಟ್ ಕೂತಿತ್ತು. ಬೆಲೆಯ ಚೀಟಿಯ ಅಂಟು ಕೂಡ ಇನ್ನೂ ಒಣಗಿರಲಿಲ್ಲ.

"ನಿನ್ನ ಹಳೇದನ್ನ ತಗೊಂಡು ಹೊಸದು ಕೊಟ್ಟಿದಾನೆ. ಈಗ ನಿನ್ನ ಕಷ್ಟ ಏನಪ್ಪಾ?"

"ಹಳೇದಲ್ಲ ಸಾರ್! ಹೋದ ವಾರ ತಾನೇ ಇವಾಕಿರಿ ಯಜಮಾನ್ರ ಹತ್ರ ಬಣ್ಣ ಹಾಕಿಸ್ಕೊಂಡು ಬಂದೆ. ನೀಲಿ ಅಲೆ, ಮಧ್ಯೆ ಬೆಳ್ಳಿ ಬಂಗಡೆ ಮೀನು. ಅದಕ್ಕೋಸ್ಕರ ನಾಲ್ಕು ತಿಂಗಳು ಕಾದಿದೀನಿ."

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಮಿಕುರಿಯ ಹೊರಗೆ ಬಂದರು. ಐವತ್ತು ದಾಟಿದ ಹೆಂಗಸು. ನಗುವುದು ಕಡಿಮೆ, ನಕ್ಕರೆ ಇಡೀ ಠಾಣೆಗೆ ಕೇಳಿಸುತ್ತಿತ್ತು. "ಹಾಕ್ಕೊಂಡು ನೋಡಿದ್ಯಾ?" ಎಂದರು.

ರುಯಿ ತಲೆ ಕೆರೆದುಕೊಂಡ. "ಅದೇ ಮೇಡಂ ವಿಚಿತ್ರ. ಹೋದ ವರ್ಷ ಬಿದ್ದು ನನ್ನ ಎಡಗೆನ್ನೆ ಮೂಳೆ ಮುರಿದಿತ್ತು. ಆ ಕಡೆ ದಿಂಬು ತೆಳ್ಳಗಿರಬೇಕು. ಇದರಲ್ಲೂ ತೆಳ್ಳಗಿದೆ!"

ಮಿಕುರಿಯ ಕೆನ್ನೆಯ ದಿಂಬನ್ನು ಕಿತ್ತು ಬೆಳಕಿಗೆ ಹಿಡಿದರು. ಯಾರೋ ಅದನ್ನು ಬಿಚ್ಚಿ, ಒಳಗಿನ ಸ್ಪಂಜು ಕತ್ತರಿಸಿ, ಮತ್ತೆ ಕೈಯಲ್ಲೇ ಹೊಲಿದಿದ್ದರು. ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ. ಅವರು ದಿಂಬನ್ನು ಕವರಿಗೆ ಹಾಕಿ, "ಎಫ್‌ಐಆರ್ ಹಾಕು ನರುಸೆ" ಎಂದರು.

ಮಧ್ಯಾಹ್ನದ ಹೊತ್ತಿಗೆ ಎರಡನೇ ದೂರು ಬಂತು. ತೋಫು ಅಂಗಡಿಯ ಒಕೋಚಿಯ ಹಿತ್ತಲಿನಲ್ಲೂ ಅದೇ ಕತೆ. ಶೆಲ್ಫಿನಲ್ಲಿ ಇವಾಕಿರಿ ಬಣ್ಣ ಹಾಕಿದ ಹೆಲ್ಮೆಟ್ ಎರಡಿದ್ದವು. ಎರಡು ವರ್ಷ ಹಳೆಯದನ್ನು ಕಳ್ಳ ಮುಟ್ಟಿರಲಿಲ್ಲ, ಕಳೆದ ವಾರ ಬಂದದ್ದು ಮಾತ್ರ ಮಾಯ. ಪಂಚನಾಮೆ ಬರೆಯುವಾಗ ನರುಸೆ ನಕ್ಕ. "ಇಂಥ ಕಳ್ಳ ನಮ್ಮನೆಗೂ ಬರಬಾರದಾ ಮೇಡಂ? ನನ್ನ ಹೆಲ್ಮೆಟ್ಟಿಗೂ ಅವರೇ ಬಣ್ಣ ಹಾಕಿದ್ದು."

"ನಿಂದು ಯಾವಾಗಿಂದು?"

"ಮೂರು ವರ್ಷ ಆಯ್ತು."

"ಹಾಗಾದ್ರೆ ಬರಲ್ಲ. ಅವನಿಗೆ ಬೇಕಿರೋದು ಕಳೆದ ವಾರದ್ದು."

ಇವಾಕಿರಿ ತೊಯೊಜೊನ ಬಣ್ಣದಂಗಡಿ ಬಂದರಿನ ಹಿಂದಿನ ಓಣಿಯಲ್ಲಿತ್ತು. ಅರವತ್ತೆಂಟರ ಮುದುಕ, ಮೂಗಿಗೆ ತಾಗುವಷ್ಟು ಹತ್ತಿರ ಹೆಲ್ಮೆಟ್ ಹಿಡಿದು ಗೆರೆ ಎಳೆಯುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಫುಸಾಯೆ ಗಿರಾಕಿಯೊಬ್ಬನ ತಲೆಯನ್ನು ಕಲ್ಲಂಗಡಿ ಆರಿಸುವವರ ಹಾಗೆ ಎರಡೂ ಕೈಯಲ್ಲಿ ಒತ್ತಿ ನೋಡುತ್ತಿದ್ದಳು. "ದಪ್ಪ ಆಗಿದೀಯ ಕಣೋ. ಕೆನ್ನೆ ದಿಂಬು ಸ್ವಲ್ಪ ಕತ್ತರಿಸ್ತೀನಿ, ನಾಳೆ ಬಾ."

ಅವಳ ಏಪ್ರನ್ ಪಟ್ಟಿಗೆ ಸೂಜಿಗಳು ಚುಚ್ಚಿಕೊಂಡಿದ್ದವು. ಮಿಕುರಿಯ ಅದನ್ನು ನೋಡಿಯೂ ನೋಡದವರಂತೆ ಮುದುಕನ ಕಡೆ ತಿರುಗಿದರು.

"ಕಳೆದ ವಾರ ಎಷ್ಟು ಹೆಲ್ಮೆಟ್ ಕೊಟ್ರಿ?"

"ಮೂರು. ಹತಾನೊ ಹುಡುಗಂದು, ಒಕೋಚಿದು, ಆಮೇಲೆ ಆಸ್ಪತ್ರೆ ನರ್ಸ್ ಸೊನೊಬೆ ಇದಾಳಲ್ಲ, ಅವಳೂ ರೇಸಿಗೆ ಹೋಗ್ತಾಳೆ, ಅವಳದು."

"ಬಣ್ಣ ಹಾಕಿದ್ರೆ ಹೆಲ್ಮೆಟ್ಟು ಕೆಡುತ್ತಾ?"

ಮುದುಕ ಕುಂಚ ಕೆಳಗಿಟ್ಟ. "ತಿಳೀದೋರು ಹಾಕಿದ್ರೆ ಖಂಡಿತ ಕೆಡುತ್ತೆ. ಜಾಸ್ತಿ ಉಜ್ಜಿದ್ರೆ ಚಿಪ್ಪು ತೆಳ್ಳಗಾಗುತ್ತೆ. ಸಿಕ್ಕಿದ ಥಿನ್ನರ್ ಸುರಿದ್ರೆ ಪ್ಲಾಸ್ಟಿಕ್ ಒಳಗೊಳಗೇ ಬಿರುಕು ಬಿಡುತ್ತೆ. ಎಲ್ಲಕ್ಕಿಂತ ದೊಡ್ಡ ಶತ್ರು ಶಾಖ. ಚಿಪ್ಪಿನ ಒಳಗೆ ಥರ್ಮಕೋಲ್ ಪದರ ಇರುತ್ತಲ್ಲ, ಬಿದ್ದಾಗ ಪೆಟ್ಟು ತಿನ್ನೋದು ಅದು. ಬಣ್ಣ ಒಣಗಿಸೋ ಈ ಬೀರುವಿನಷ್ಟು ದೊಡ್ಡ ಒಲೆ ಐವತ್ತು ಡಿಗ್ರಿ ದಾಟಕೂಡದು. ನಲವತ್ತು ವರ್ಷದಲ್ಲಿ ನನ್ನ ಒಲೆ ಒಂದು ಸಲಾನೂ ದಾಟಿಲ್ಲ."

ಚಹಾ ತಂದ ಫುಸಾಯೆ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡಳು. ತಟ್ಟೆ ಇಟ್ಟು ತಕ್ಷಣ ಒಳಗೆ ಹೋದಳು.

ಶುಕ್ರವಾರ ಇಡೀ ದಿನ ನರುಸೆ ಸುತ್ತಮುತ್ತಲ ಹೆಲ್ಮೆಟ್ ಅಂಗಡಿಗಳನ್ನು ತಿರುಗಿದ. ಶನಿವಾರ ಬೆಳಿಗ್ಗೆ ಪಕ್ಕದ ಊರಿನಿಂದ ಫೋನ್ ಮಾಡಿದ.

"ಸಿಕ್ತು ಮೇಡಂ. ಕೊಂಡೋರು ಒಬ್ಬ ಅಜ್ಜಿ ಅಂತೆ. ಮೂರೂ ಬಿಳಿ, ಮೂರೂ ಬೇರೆ ಅಳತೆ."

"ಮೂರಾ?"

"ಹೌದು, ಮೂರು."

ಮಿಕುರಿಯ ಎದ್ದು ನಿಂತರು. ಎರಡು ಬದಲಾಗಿವೆ, ಒಂದು ಉಳಿದಿದೆ. ಕೈಯಿಂದ ಹಣ ಹಾಕಿ ಹೊಸದು ಇಡುವ ಕಳ್ಳಿ ಹೆಲ್ಮೆಟ್ಟಿನ ಆಸೆಗೆ ಕದಿಯುವವಳಲ್ಲ. ಆ ಮೂರು ಯಾರ ತಲೆಯ ಮೇಲೂ ಇರಬಾರದೆಂದೇ ಕದಿಯುತ್ತಿದ್ದಾಳೆ. ಸೊನೊಬೆಯ ಫೋನ್ ಸುಮ್ಮನೆ ರಿಂಗಾಯಿತು. ಇವಾಕಿರಿ ಅಂಗಡಿಯಲ್ಲಿ ಮುದುಕನೊಬ್ಬನೇ ಇದ್ದ. "ಇವಳಾ? ರೇಸ್ ಮೈದಾನಕ್ಕೆ ಹೋದ್ಲು. ಹುಡುಗರಿಗೆ ಅನ್ನದ ಉಂಡೆ ಕೊಟ್ಟು ಬರ್ತೀನಿ ಅಂದ್ಲು."

"ನೀವೂ ಹತ್ತಿ" ಎಂದರು ಮಿಕುರಿಯ, ಜೀಪಿನ ಬಾಗಿಲು ತೆಗೆದು.

ಮೈದಾನದಲ್ಲಿ ಅಭ್ಯಾಸದ ಓಟ ಶುರುವಾಗುವುದರಲ್ಲಿತ್ತು. ಬೈಕುಗಳ ಸದ್ದಿನ ನಡುವೆ ಒಂದು ಜಗಳ ಜೋರಾಗಿ ಕೇಳಿಸುತ್ತಿತ್ತು. ಕೆಂಪು ಕೊಕ್ಕರೆಯ ಚಿತ್ರವಿದ್ದ ಹೆಲ್ಮೆಟ್ಟಿನ ಒಂದು ಕಡೆ ಸೊನೊಬೆ, ಇನ್ನೊಂದು ಕಡೆ ಫುಸಾಯೆ ಜೋತುಬಿದ್ದಿದ್ದರು.

"ಬಿಡಿ ಆಂಟಿ! ನನ್ನ ಸರದಿ ಬಂತು!"

"ಬಿಡಲ್ಲ ಕಣೇ! ಬೇಕಾದ್ರೆ ನನ್ನನ್ನೂ ಬೈಕ್ ಮೇಲೆ ಕೂರಿಸ್ಕೊಂಡು ಹೋಗು!"

"ನಿಮಗೇನು ತಲೆ ಕೆಟ್ಟಿದ್ಯಾ?"

"ನಿನ್ನ ತಲೆ ನೆಟ್ಟಗಿರ್ಲಿ ಅಂತಾನೇ ಹಿಡ್ಕೊಂಡಿರೋದು!"

ಮಿಕುರಿಯ ಮಧ್ಯೆ ಕೈ ಹಾಕಿ ಹೆಲ್ಮೆಟ್ ತೆಗೆದುಕೊಂಡು ಒಳಗಿನ ಬಟ್ಟೆಯನ್ನು ಕಿತ್ತರು. ಥರ್ಮಕೋಲ್ ಪದರ ಚಿಪ್ಪಿನಿಂದ ಒಂದು ಬೆರಳು ಹೋಗುವಷ್ಟು ಒಳಕ್ಕೆ ಸರಿದು, ಮೇಣದಂತೆ ಹೊಳೆಯುತ್ತಿತ್ತು. ಉಗುರಿನಲ್ಲಿ ಒತ್ತಿದರೆ ಕಲ್ಲಿನಷ್ಟು ಗಟ್ಟಿ. ಸೊನೊಬೆ ಅದನ್ನು ನೋಡಿ ಅಲ್ಲೇ ಟೈರಿನ ಮೇಲೆ ಕೂತಳು.

"ಒಲೆ ಎಷ್ಟರಲ್ಲಿತ್ತು?" ಮಿಕುರಿಯ ಕೇಳಿದರು.

"ತೊಂಬತ್ತು" ಎಂದಳು ಫುಸಾಯೆ. "ಮಳೆಗೆ ಹಾಸಿಗೆ ಒದ್ದೆ ಆಗಿತ್ತು. ಒಲೆಯಲ್ಲಿ ಒಣಗಿಸಿದೆ. ಆಮೇಲೆ ಶಾಖದ ತಿರುಗಣೆ ಇಳಿಸೋದು ಮರೆತೆ. ಮಾರನೇ ದಿನ ಇವರು ಹಾಗೇ ಹೆಲ್ಮೆಟ್ ಇಟ್ಟರು. ನಾನು ನೋಡೋ ಹೊತ್ತಿಗೆ ಮೂರೂ ಗಿರಾಕಿಗಳ ಕೈ ಸೇರಿತ್ತು."

"ಫೋನ್ ಮಾಡಿ ವಾಪಸ್ ತರಿಸ್ಕೋಬಹುದಿತ್ತು."

ಜೀಪಿನಿಂದ ಇಳಿದು ನಿಂತಿದ್ದ ಗಂಡನನ್ನು ಫುಸಾಯೆ ನೋಡಿದಳು. ಆಮೇಲೆ ಎರಡೂ ಕೈ ಜೋಡಿಸಿ ಇನ್‌ಸ್ಪೆಕ್ಟರ್ ಮುಂದೆ ಚಾಚಿದಳು. ಬೇಡಿ ಹಾಕಲಿಲ್ಲ. ಬಂಧನದ ವೇಳೆ ಬೆಳಿಗ್ಗೆ ಹತ್ತೂಕಾಲು ಎಂದು, ಪಕ್ಕದ ಊರಿನಿಂದ ನೇರ ಅಲ್ಲಿಗೇ ಬಂದಿದ್ದ ನರುಸೆ ಬರೆದುಕೊಂಡ. ಉಳಿದೆರಡು ಹೆಲ್ಮೆಟ್‌ಗಳು ಅವಳ ಅಡುಗೆಮನೆಯ ಅಕ್ಕಿ ಡಬ್ಬಿಯ ಹಿಂದೆ ಸಿಕ್ಕವು. ಅವುಗಳ ಒಳಗೂ ಅದೇ ಗತಿ.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಮುದುಕ ತಾನೇ ಬಾಯಿ ಬಿಟ್ಟ.

"ತಿರುಗಣೆ ಮೇಲಿನ ಅಂಕಿ ನೋಡಿ ಬಾಗಿಲು ಹಾಕಬೇಕಾದೋನು ನಾನು. ನನಗೆ ಅದು ಕಾಣಲ್ಲ." ಹೆಂಡತಿಯ ಕಡೆ ತಿರುಗಿ, "ನಿನಗೆ ಗೊತ್ತಿತ್ತಾ?"

"ಹೋದ ಚಳಿಗಾಲದಿಂದ ಗೊತ್ತು. ದಿನಾ ನೀವು ಏಳೋ ಮೊದಲು ನಾನೇ ಹೋಗಿ ಐವತ್ತಕ್ಕೆ ಇಡ್ತಿದ್ದೆ. ಅವತ್ತೊಂದಿನ ಮರೆತೆ."

"ನಿನಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ."

"ಹೇಳಿದ್ರೆ ಅವತ್ತೇ ಕುಂಚ ಎತ್ತಿಟ್ಟುಬಿಡ್ತಿದ್ರಿ. ಆಮೇಲೆ ಇಡೀ ದಿನ ಮನೇಲಿ ಕೂತು ನನ್ನ ಅಡುಗೆಗೆ ತಪ್ಪು ಹುಡುಕ್ತಿದ್ರಿ."

ಮಿಕುರಿಯ ಜೋರಾಗಿ ನಕ್ಕರು. ಹೊರಗೆ ಬೆಂಚಿನ ಮೇಲೆ ಕಾದಿದ್ದ ರುಯಿ ಬೆಚ್ಚಿ ಎದ್ದು ಇಣುಕಿದ. ಅವನೂ ಸೇರಿ ಹೆಲ್ಮೆಟ್ಟಿನ ಮೂವರು ಮಾಲೀಕರೂ ದೂರು ಬೇಡ ಎಂದು ಬರೆದುಕೊಡಲು ಬಂದಿದ್ದರು. ಬೀಗ ತೆಗೆದು ಒಳಗೆ ಹೋದದ್ದು ಬರೀ ಅವರ ಮಾತಿಗೆ ಮುಗಿಯುವ ವಿಷಯವಲ್ಲ, ಸರ್ಕಾರಿ ವಕೀಲರು ತೀರ್ಮಾನಿಸುತ್ತಾರೆ ಎಂದು ಮಿಕುರಿಯ ವಿವರಿಸಿದರು. ಅಪರಾಧದ ಉದ್ದೇಶ ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಕೊನೆಗೆ ಅವರು ಬರೆದದ್ದು ಒಂದೇ ವಾಕ್ಯ: ಗಂಡನ ಕಣ್ಣು ಮಂಜಾಗುತ್ತಿರುವುದು ತನಗೆ ಗೊತ್ತೆಂದು ಗಂಡನಿಗೆ ತಿಳಿಯಬಾರದೆಂದು.

ಸಂಜೆ ಅವಳನ್ನು ಮನೆಗೆ ಕಳಿಸಿದರು. ಮಿಕುರಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಠಾಣೆಯ ಮುಂದೆ ಫುಸಾಯೆ ನಿಂತು, "ಇಲ್ಲಿ ಮೆಟ್ಟಿಲಿದೆ" ಎಂದಳು.

"ಕಾಣ್ತಿದೆ" ಎಂದ ಮುದುಕ, ಎಂದಿನಂತೆ ಗಡುಸಾಗಿ.

ಹೆಜ್ಜೆ ಮಾತ್ರ ಎತ್ತಲಿಲ್ಲ. ಆಮೇಲೆ, "ಇಲ್ಲ, ಕಾಣ್ತಿಲ್ಲ" ಎಂದು ಅವಳ ಕಡೆ ಕೈ ಚಾಚಿದ.