ಕೊನೆಯ ಹಾಡು ಮೊದಲು

“ರೀ ಮೇಡಂ... ಮೂರನೇ ಸಾಲಿನವರೇ! ಬರಿಯೋದು ಸ್ವಲ್ಪ ನಿಲ್ಸಿ ಹಾಡು ಕೇಳ್ತೀರಾ?”

ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು, ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಅವನು ಹಾಗೆಂದಾಗ, ಚಾಮರಾಜಪೇಟೆಯ ಆ ಮಹಡಿ ಹಾಲ್‌ನಲ್ಲಿದ್ದ ನಲವತ್ತು ಜನರೂ ತಿರುಗಿ ನೋಡಿದರು.

ರಂಜಿನಿಯ ಕಿವಿ ಬಿಸಿಯಾಯಿತು. ‘ಅಬ್ಬಾ! ಎಷ್ಟು ಕೊಬ್ಬು ಇವನಿಗೆ!’

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಿ ಕೂರುತ್ತಿದ್ದರೇನೋ. ಇವಳು ಶ್ರೀರಾಂಪುರದ ಹುಡುಗಿ. ಬೀದಿ ನಲ್ಲಿಯ ಮುಂದೆ ಬಿಂದಿಗೆಗೆ ಜಗಳವಾಡಿ ಬೆಳೆದ ಬಾಯಿ ಅದು.

“ಕೇಳ್ಕೊಂಡೇ ಬರೀತಿದೀನಿ! ಎರಡನೇ ಚರಣದಲ್ಲಿ ನೀವು ಅರ್ಧ ಮಾತು ನುಂಗ್ಬಿಟ್ರಿ. ಅದನ್ನೇ ಬರ್ಕೋತಿದ್ದೆ!”

ಹಾಲ್ ತುಂಬ ನಗು. ಅವನೂ ನಕ್ಕುಬಿಟ್ಟ. ನಂತರ ಕಣ್ಣು ಮುಚ್ಚಿ, ಆ ಚರಣವನ್ನು ಮತ್ತೆ ಹಾಡಿದ. ಈ ಸಲ ಒಂದಕ್ಷರವನ್ನೂ ನುಂಗಲಿಲ್ಲ.

ರಂಜಿನಿಯ ಪೆನ್ನು ತಾನಾಗಿಯೇ ನಿಂತಿತು...

ಮಲ್ಲೇಶ್ವರದ ಒಂದು ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. ಕ್ಲಿನಿಕ್ ಮುಗಿದರೆ ಸಾಕು, ಯಾವ ಹಾಲ್‌ನಲ್ಲಿ, ಯಾರ ಟೆರೇಸಿನ ಮೇಲೆ ಯಾವ ಹೊಸ ಬ್ಯಾಂಡ್ ಹಾಡುತ್ತದೆ ಎಂದು ಹುಡುಕಿಕೊಂಡು ಹೊರಡುತ್ತಿದ್ದಳು. ಸಿನಿಮಾದಲ್ಲಿಲ್ಲದ, ರೇಡಿಯೋದಲ್ಲಿ ಬಾರದ ಹಾಡುಗಳೇ ಅವಳಿಗೆ ಬೇಕು. ಕೇಳಿದ್ದನ್ನು ತನ್ನ ಆನ್‌ಲೈನ್ ಪೇಜಿನಲ್ಲಿ ಬರೆಯುತ್ತಿದ್ದಳು. ಓದುವವರು ಹೆಚ್ಚಿರಲಿಲ್ಲ, ಆದರೆ ಓದುವವರೆಲ್ಲ ಅವಳ ಮಾತನ್ನು ನಂಬುತ್ತಿದ್ದರು.

ಅವಳದ್ದು ಎರಡು ಹಟ. ಆಲ್ಬಮ್ ಎಂದರೆ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ನಡುವೆ ಏಳದೆ ಕೇಳಬೇಕು. ಮತ್ತೆ, ಬರೆಯುವಾಗ ಹಾಡುಗಳ ಹೆಸರು ಹಾಕಬಾರದು. ಹಾಕಿದರೆ ಜನ ಅದೊಂದನ್ನೇ ಕೇಳಿ ಉಳಿದದ್ದನ್ನು ಬಿಟ್ಟುಬಿಡುತ್ತಾರೆ ಎಂಬುದು ಅವಳ ಸಿಟ್ಟು.

ಶೋ ಮುಗಿದ ಮೇಲೆ ಮೆಟ್ಟಿಲ ಬಳಿ ಅವನೇ ಕಾದು ನಿಂತಿದ್ದ.

“ಸಾರಿ ರೀ. ಹೆದರಿಕೆ ಆದಾಗ ನಾನು ಹಿಂಗೇ ಏನೇನೋ ಮಾತಾಡ್ಬಿಡ್ತೀನಿ.”

“ನಿಮಗೆ ಹೆದರಿಕೆನಾ?”

“ಎರಡು ವರ್ಷ ಆದ್ಮೇಲೆ ಹಾಡ್ತಿದೀನಿ. ಅಮ್ಮ ಹೋದ್ಮೇಲೆ ದನಿನೇ ಬರ್ತಿರ್ಲಿಲ್ಲ...”

ಅವನ ಹೆಸರು ನಂದೀಶ್. ತರಗುಪೇಟೆಯಲ್ಲಿ ಅಪ್ಪ ವಿಶ್ವಾರಾಧ್ಯರ ಬೇಳೆಕಾಳಿನ ಮಂಡಿ. ಹಗಲೆಲ್ಲ ತೊಗರಿ, ಕಡಲೆ, ಲಾರಿ. ಸಂಜೆ ಗೋದಾಮಿನ ಹಿಂದಿನ ಕೋಣೆಯಲ್ಲಿ ಹಾಡು. ಎಂಟು ಹಾಡುಗಳ ಆಲ್ಬಮ್ ಸಿದ್ಧವಾಗುತ್ತಿತ್ತು. ಹೆಸರು ‘ಎಂಟು ಹಗಲು’.

ಆಮೇಲಿನ ಒಂದೂವರೆ ತಿಂಗಳು ರಂಜಿನಿಗೆ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಮಲ್ಲೇಶ್ವರದ ಟೆರೇಸು, ಬಸವನಗುಡಿಯ ನೆಲಮಾಳಿಗೆ... ಎಲ್ಲಿ ಹೊಸಬರ ಶೋ ಇದ್ದರೂ ಪಕ್ಕದ ಕುರ್ಚಿಯಲ್ಲಿ ನಂದೀಶ್! ಚೆನ್ನಾಗಿರುವ ಹಾಡು ಬಂದಾಗ ಇಬ್ಬರೂ ಒಟ್ಟಿಗೇ ತಿರುಗಿ ಮುಖ ನೋಡಿಕೊಳ್ಳುತ್ತಿದ್ದರು. ಆ ಒಂದು ಕ್ಷಣಕ್ಕಾಗಿ ಅವಳು ವಾರವಿಡೀ ಕಾಯುವಂತಾಯಿತು.

“ನಿಮ್ಮ ಆಲ್ಬಮ್ ಒಂಚೂರು ಕೇಳ್ಸಿ” ಎಂದರೆ ಅವನು ಒಪ್ಪುತ್ತಿರಲಿಲ್ಲ.

“ಊಹೂಂ! ರಿಲೀಸ್ ಆದ ದಿನ ಎಲ್ಲರ ಥರ ಕೇಳಿ. ಎಲ್ಲರ ಥರಾನೇ ಬರೀರಿ.”

ಆ ಮಾತಿಗೇ ಅವಳು ಪೂರ್ತಿ ಸೋತುಹೋದಳು.

ರಿಲೀಸ್ ಆದ ಸಂಜೆ ಮನೆಯ ತಾರಸಿ ಹತ್ತಿ, ಹೆಡ್‌ಫೋನ್ ಹಾಕಿಕೊಂಡು ಕೂತಳು. ಮೊದಲ ಹಾಡೇ ಡೋಲು ಬಡಿದುಕೊಂಡು ಬಂತು. ‘ಬಾಗಿಲು ತೆಗೆದೆ, ಬಿಸಿಲೇ ಬಾ’ ಎಂದು ಅವನು ಕೂಗಿದಾಗ ಅವಳಿಗೆ ಎದ್ದು ಕುಣಿಯಬೇಕೆನಿಸಿತು!

ಆದರೆ ಮುಂದಿನ ಹಾಡು ಅದಕ್ಕಿಂತ ತಣ್ಣಗಿತ್ತು. ಅದರ ಮುಂದಿನದು ಇನ್ನೂ ತಣ್ಣಗೆ. ಡೋಲು ಹೋಯಿತು, ಕೊಳಲು ಹೋಯಿತು. ಎಂಟನೆಯ ಹಾಡಿನಲ್ಲಿ ಒಂದು ಖಾಲಿ ಮಂಚದ ಪಕ್ಕ ಕೂತ ಒಂಟಿ ದನಿ ಬಿಟ್ಟರೆ ಬೇರೇನೂ ಇರಲಿಲ್ಲ. ಅಲ್ಲಿಗೇ ಆಲ್ಬಮ್ ಮುಗಿದುಹೋಯಿತು.

ರಂಜಿನಿ ಹೆಡ್‌ಫೋನ್ ಕಳಚಿದಳು. ‘ಒಂದೊಂದು ಹಾಡೂ ಚಿನ್ನ. ಆದರೆ ಯಾಕೆ ಹೀಗೆ ಕೈಚೆಲ್ಲಿಬಿಟ್ಟ? ಬರೆಯಲೇ? ಬೇಡವೇ? ಇಷ್ಟಪಟ್ಟವನು ಎಂದು ಸುಳ್ಳು ಬರೆದರೆ ನಾಳೆ ನನ್ನ ಕಿವಿಯನ್ನು ನಾನೇ ಹೇಗೆ ನಂಬಲಿ?’

ಬರೆದಳು.

‘ಇದು ಹುರುಪಿನಿಂದ ಶುರುವಾಗಿ ಸೋತು ಮುಗಿಯುವ ಆಲ್ಬಮ್. ಮೊದಲ ಹಾಡಿನಲ್ಲಿರುವ ಎದೆಗಾರಿಕೆ ಕೊನೆಯ ಹಾಡಿಗೆ ಬರುವಷ್ಟರಲ್ಲಿ ಒಂದು ಚೂರೂ ಉಳಿದಿಲ್ಲ.’

ಮರುದಿನ ಅವನಿಂದ ಬಂದದ್ದು ಒಂದೇ ಮೆಸೇಜು. ‘ಅಮ್ಮನ ವಿಷ್ಯ ಗೊತ್ತಿದ್ದೂ ಹೀಗೆ ಬರೆದ್ರಲ್ಲ... ಥ್ಯಾಂಕ್ಸ್.’

ಆಮೇಲೆ ಫೋನ್ ಎತ್ತಲಿಲ್ಲ.

‘ಹೊಗಳಿಕೆ ಮಾತ್ರ ಬೇಕಿತ್ತಾ ಇವನಿಗೆ? ಎಲ್ಲರ ಥರಾನೇ ಬರೀರಿ ಅಂದಿದ್ದು ಬರೀ ಬಾಯಿಮಾತಾ?’ ಸಿಟ್ಟಿನಲ್ಲಿ ನಾಲ್ಕು ದಿನ ಕಳೆದಳು. ಉಳಿದ ಎಂಟು ದಿನ ದಿಂಬಿಗೆ ಮುಖ ಒತ್ತಿ ಅತ್ತಳು.

ಹದಿಮೂರನೆಯ ದಿನ, ಶುಕ್ರವಾರ ಬೆಳಿಗ್ಗೆ, ನಂದೀಶನ ಬ್ಯಾಂಡಿನಲ್ಲಿ ಡೋಲು ಬಾರಿಸುವ ರಾಘವ ಫೋನ್ ಮಾಡಿದ.

“ರಂಜಿನಿ, ಭಾನುವಾರ ಬಸವನಗುಡಿ ಶೋ ಇದೆಯಲ್ಲ, ಅದನ್ನ ಇವತ್ತು ಕ್ಯಾನ್ಸಲ್ ಮಾಡ್ತಾನಂತೆ. ನೂರೈವತ್ತು ಸೀಟಲ್ಲಿ ಇಪ್ಪತ್ಮೂರು ಬುಕ್ ಆಗಿದೆ. ಅದಕ್ಕಲ್ಲ... ಇನ್ಮೇಲೆ ಹಾಡೋದೇ ಇಲ್ವಂತೆ ಗುರು ಅವ್ನು!”

ಅಡುಗೆಮನೆಯ ಹೊಸ್ತಿಲಲ್ಲೇ ಕೂತು ರಂಜಿನಿ ಫೋನ್ ಕೆಳಗಿಟ್ಟಳು. ಎರಡು ವರ್ಷ ಬಿಟ್ಟು ವಾಪಸ್ ಬಂದ ದನಿ ಅದು. ತನ್ನ ನಾಲ್ಕು ಸಾಲಿಗೆ ಮತ್ತೆ ನಿಂತುಹೋದರೆ...?

ಅವಳ ತಾಯಿ ಹನುಮಕ್ಕ ರೊಟ್ಟಿ ತಟ್ಟುತ್ತಿದ್ದವರು ಮಗಳ ಮುಖ ನೋಡಿದರು.

“ಇಲ್ಲಿ ಕುಂತು ಅತ್ರೆ ತರಗುಪೇಟೆಗೆ ಕೇಳುಸ್ತದಾ? ಎದ್ದೋಗಿ ಮಾತಾಡು!”

ತರಗುಪೇಟೆಯ ಆ ಗಲ್ಲಿಯಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಮೆಣಸಿನಕಾಯಿಯ ಘಾಟಿಗೆ ಸೀನುತ್ತಲೇ ರಂಜಿನಿ ಮಂಡಿಯ ಮುಂದೆ ಬಂದಳು. ಪಟ್ಟಿ ಹಿಡಿದು ಮೂಟೆ ಲೆಕ್ಕ ಹಾಕುತ್ತಿದ್ದ ನಂದೀಶ್ ತಲೆಯೆತ್ತಿ ನೋಡಿದ. ಗಡ್ಡ ಬೆಳೆದಿತ್ತು.

“ಇಲ್ಲಿಗೂ ಬಂದ್ರಾ? ಇನ್ನೇನ್ ಬಾಕಿ ಇದೆ ಬರಿಯೋಕೆ?”

“ಹಾಡೋದು ಬಿಡ್ತೀರಂತೆ?”

“ಹೂಂ. ಅಮ್ಮನ್ನ ಕಳ್ಕೊಂಡು, ಬಿದ್ದು ಎದ್ದು, ಕೊನೆಗೂ ನಗೋದು ಕಲ್ತು ಮಾಡಿದ ಹಾಡದು. ಅದನ್ನೇ ನೀವು ಸೋಲು ಅಂದ್ರಿ! ನೀವು... ಬೇರೆ ಯಾರೇ ಅಂದಿದ್ರೂ ತಡ್ಕೋತಿದ್ದೆ ರಂಜಿನಿ.”

“ಯಾವ ಹಾಡು?”

“ಇನ್ಯಾವ್ದು? ಕೊನೇದು! ‘ಬಾಗಿಲು ತೆಗೆದೆ’!”

ರಂಜಿನಿ ಕಣ್ಣರಳಿಸಿದಳು.

“ಅದು ಮೊದಲ್ನೇ ಹಾಡಲ್ವಾ...?”

“ಏನ್ ಮಾತಾಡ್ತಿದೀರ? ‘ಖಾಲಿ ಮಂಚ’ ಮೊದಲ್ನೇದು. ಎಂಟನೇದು ‘ಬಾಗಿಲು ತೆಗೆದೆ’.”

ಅಷ್ಟರಲ್ಲಿ ಲಾರಿಯ ಮೇಲಿನಿಂದ ಹಮಾಲಿ ಮರಿಯಣ್ಣನ ಕೂಗು.

“ಏಯ್, ಶಿರಾದು ಆಮೇಲೆ! ಚಿತ್ರದುರ್ಗದ ಮೂಟೆ ಮೊದ್ಲು ಹಾಕ್ರಲೋ!”

“ಯಾಕಣ್ಣ? ಚಿತ್ರದುರ್ಗ ದೂರ ಅಲ್ವಾ?” ರಂಜಿನಿ ಕೇಳಿಯೇಬಿಟ್ಟಳು.

“ಅದುಕ್ಕೇ ಕಣವ್ವ! ಕೊನೇಲಿ ಇಳಿಯೋ ಮಾಲು ಮೊದ್ಲು ಹೋಗಿ ಒಳಗೆ ಕೂರ್ಬೇಕು. ಮೊದ್ಲು ಇಳಿಯೋದು ಕೊನೇಲಿ ಹತ್ಬೇಕು. ನಮ್ ಸಣ್ ಸಾವ್ಕಾರ್ರು ನಿದ್ದೆಗಣ್ಣಲ್ಲೂ ಹಂಗೇ ಲೋಡ್ ಮಾಡುಸ್ತಾರೆ!”

ರಂಜಿನಿ ಮೆಲ್ಲಗೆ ನಂದೀಶನ ಕಡೆ ತಿರುಗಿದಳು.

“ನಂದೀಶ್... ಆಲ್ಬಮ್ ಅಪ್‌ಲೋಡ್ ಮಾಡಿದ್ದು ಯಾರು?”

“ನಾನೇ. ಇಲ್ಲೇ ಗದ್ದಿಗೆ ಮೇಲೆ ಕೂತು, ಎರಡು ಲಾರಿ ಮಧ್ಯೆ. ಹಾಡಿನ ಆ್ಯಪ್ ಒಂದೊಂದೇ ಹಾಡು ಹಾಕ್ತಾ ಹೋಗು ಅಂತು. ಮೊದ್ಲು ಎಂಟನೇದು ಹಾಕ್ದೆ, ಆಮೇಲೆ ಏಳು, ಆಮೇಲೆ...”

ಅವನ ಕೈಯಲ್ಲಿದ್ದ ಪಟ್ಟಿ ಜಾರಿ ಬಿತ್ತು.

“ಅಯ್ಯೋ...! ಲಾರಿ ಥರ ಲೋಡ್ ಮಾಡ್ಬಿಟ್ಟಿದೀನಿ!”

“ರಿಲೀಸ್ ಆದ್ಮೇಲೆ ಒಂದ್ಸಲಾನೂ ತೆಗ್ದು ನೋಡ್ಲಿಲ್ವಾ?”

“ನನ್ನ ದನಿ ನಾನು ಕೇಳಕ್ಕಾಗಲ್ಲ ರೀ. ಫ್ರೆಂಡ್ಸ್ ಎಲ್ಲ ಸೂಪರ್ ಮಗಾ, ಸೂಪರ್ ಮಗಾ ಅಂದ್ರು... ಯಾರೂ ಹೇಳ್ಲಿಲ್ಲ.”

ಹೇಗೆ ಹೇಳುತ್ತಾರೆ? ಒಬ್ಬನು ಮೂರನೆಯದನ್ನು ಕೇಳಿದ್ದ, ಇನ್ನೊಬ್ಬನು ಐದನೆಯದನ್ನು. ಮೊದಲಿನಿಂದ ಕೊನೆಯವರೆಗೆ, ಇಟ್ಟ ಕ್ರಮದಲ್ಲೇ, ಏಳದೆ ಕೂತು ಕೇಳಿದವಳು ಇಡೀ ಬೆಂಗಳೂರಿನಲ್ಲಿ ಒಬ್ಬಳೇ. ಅದು ಇಬ್ಬರಿಗೂ ಒಂದೇ ಸಲ ಹೊಳೆಯಿತು. ನಂದೀಶನ ಕಣ್ಣು ತುಂಬಿಬಂತು.

“ನೀವೊಬ್ರೇ ಪೂರ್ತಿ ಕೇಳಿದ್ದು... ನಿಮ್ಮ ಮೇಲೇನೇ ಕೋಪ ಮಾಡ್ಕೊಂಡ್ನಲ್ಲ!”

“ನಾನೂ ಒಂದ್ಮಾತು ಕೇಳ್ಬೇಕಿತ್ತು. ಕೇಳ್ದೆ ಬರ್ದೆ.” ಬಿದ್ದ ಪಟ್ಟಿಯನ್ನು ಎತ್ತಿ ಅವನ ಕೈಗಿಟ್ಟಳು. “ಈಗ ಹೇಳಿ. ಭಾನುವಾರ ಹಾಡ್ತೀರೋ ಇಲ್ವೋ?”

“ಎಲ್ಲ ಕೆಟ್ಟೋಯ್ತಲ್ಲ ರಂಜಿನಿ. ಆ್ಯಪ್‌ನಲ್ಲಿ ಸರಿಮಾಡೋಕೆ ಹತ್ತು ದಿನ ಬೇಕು. ಇಪ್ಪತ್ಮೂರು ಜನಕ್ಕೆ...”

ಒಳಗೆ ಗದ್ದಿಗೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ವಿಶ್ವಾರಾಧ್ಯರು ಕನ್ನಡಕ ತೆಗೆದರು. ಮಗನ ಹಾಡಿನ ಬಗ್ಗೆ ಅವರು ಅಂದಿನವರೆಗೆ ಒಂದು ಮಾತನ್ನೂ ಆಡಿದವರಲ್ಲ.

“ಲಾರಿ ಉಲ್ಟಾ ಲೋಡ್ ಆದ್ರೆ ಏನಪ್ಪಾ ಮಾಡ್ತೀವಿ? ಇಳಿಸಿ ಮತ್ತೆ ಹತ್ತಿಸ್ತೀವಿ. ಮಂಡಿಗೆ ಬೀಗ ಹಾಕ್ತೀವಾ?”

ನಂದೀಶ್ ಅಪ್ಪನನ್ನು ನೋಡಿದ. ಅವರು ಕನ್ನಡಕದ ಗಾಜು ಒರೆಸುತ್ತಿದ್ದರು.

“ಆ ಮಂಚದ ಹಾಡು... ನಾನೂ ಕೇಳ್ದೆ ಕಣೋ. ಹಾಡ್ಬಿಡು.”

ಇನ್ನೇನು ಬೇಕಿತ್ತು! ಅವನು ಕಣ್ಣೊರೆಸಿಕೊಂಡು ಹೂಂ ಎಂದ. ರಂಜಿನಿ ಅಲ್ಲೇ, ಕಡಲೆ ಮೂಟೆಯ ಮೇಲೆ ಕೂತು ಫೋನಿನಲ್ಲಿ ಬರೆದಳು. ತನ್ನ ಹಟ ಮುರಿದು ಮೊದಲ ಸಲ ಹಾಡುಗಳ ಹೆಸರನ್ನೂ ಹಾಕಿದಳು.

‘ನಾನು ಬರೆದದ್ದು ತಪ್ಪಾಯಿತು. ಇದು ಸೋಲುವ ಆಲ್ಬಮ್ ಅಲ್ಲ, ಗೆಲ್ಲುವ ಆಲ್ಬಮ್. ತರಗುಪೇಟೆಯ ಹುಡುಗ ಹಾಡುಗಳನ್ನು ಲಾರಿಗೆ ಹತ್ತಿಸುವಂತೆ ಹತ್ತಿಸಿದ್ದಾನೆ. ಎಂಟನೆಯದು ‘ಖಾಲಿ ಮಂಚ’, ಅಲ್ಲಿಂದ ಶುರುಮಾಡಿ. ಹಿಂದೆ ಹಿಂದೆ ಬನ್ನಿ. ‘ಬಾಗಿಲು ತೆಗೆದೆ’ ಬರುವವರೆಗೆ ಏಳಬೇಡಿ. ಆಮೇಲೆ ಭಾನುವಾರ ಬಸವನಗುಡಿಗೆ ಬನ್ನಿ.’

ಸಂಜೆಯ ಹೊತ್ತಿಗೆ ಅದು ಎಲ್ಲೆಲ್ಲಿಗೋ ಹೋಗಿತ್ತು! ಮೆಟ್ರೋದಲ್ಲಿ ಕೇಳಿದೆ, ಅಡುಗೆಮನೆಯಲ್ಲಿ ಕೇಳಿದೆ, ಹಿಂದಿನಿಂದ ಕೇಳಿ ಕೊನೆಗೆ ಅತ್ತುಬಿಟ್ಟೆ ಎಂದು ಜನ ಬರೆದದ್ದೇ ಬರೆದದ್ದು. ಶನಿವಾರ ಮಧ್ಯಾಹ್ನದೊಳಗೆ ಸೀಟೆಲ್ಲ ಬುಕ್ ಆಗಿಹೋಗಿತ್ತು.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಗಾಂಧಿಬಜಾರಿನ ಪಕ್ಕದ ಆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸಾಲಿನಲ್ಲಿ ವಿಶ್ವಾರಾಧ್ಯರು, ಅವರ ಪಕ್ಕ ಹೊಸ ಸೀರೆ ಉಟ್ಟ ಹನುಮಕ್ಕ. ಹಿಂದೆ ಗೋಡೆಗೊರಗಿ ಮರಿಯಣ್ಣ ಮತ್ತು ಅವನ ಜೊತೆಯ ಆರು ಜನ ಹಮಾಲಿಗಳು.

ನಂದೀಶ್ ಒಂಟಿ ದನಿಯಲ್ಲಿ ಖಾಲಿ ಮಂಚದಿಂದ ಶುರುಮಾಡಿದ. ಒಬ್ಬರೂ ಕೆಮ್ಮಲಿಲ್ಲ. ಎರಡನೆಯ ಹಾಡಿಗೆ ಕೊಳಲು ಬಂತು. ನಾಲ್ಕಕ್ಕೆ ರಾಘವನ ಬೆರಳು ಡೋಲು ಮುಟ್ಟಿತು. ಏಳನೆಯದಕ್ಕೆ ಜನರ ಕಾಲು ತಾಳ ಹಾಕತೊಡಗಿತು. ಎಂಟನೆಯದಕ್ಕೆ ‘ಬಾಗಿಲು ತೆಗೆದೆ’ ಎಂದು ಅವನು ಕೂಗಿದ್ದೇ ತಡ, ‘ಬಿಸಿಲೇ ಬಾ!’ ಎಂದು ಇಡೀ ಹಾಲ್ ಎದ್ದು ನಿಂತು ಹಾಡಿತು! ಮರಿಯಣ್ಣ ಕುಣಿದೇಬಿಟ್ಟ. ವಿಶ್ವಾರಾಧ್ಯರು ಮುಖ ಮುಚ್ಚಿಕೊಂಡು ಅಳುತ್ತಿದ್ದರು, ನಗುತ್ತಲೂ ಇದ್ದರು.

ರಂಜಿನಿ ಕಣ್ಣೀರು ಒರೆಸಿಕೊಳ್ಳುವ ಗೋಜಿಗೇ ಹೋಗಲಿಲ್ಲ. ‘ಗೆದ್ದುಬಿಟ್ಟ! ನನ್ನ ನಂದೀಶ್ ಗೆದ್ದುಬಿಟ್ಟ!’

ಜನ ಕರಗಿದ ಮೇಲೆ ಹಾಲ್‌ನ ಮ್ಯಾನೇಜರು ಓಡಿಬಂದರು. “ಮುಂದಿನ ತಿಂಗಳು ಎರಡು ದಿನ ಬರ್ಕೊಳ್ಲಾ ಸಾರ್?”

“ಬರ್ಕೊಳ್ಳಿ” ಎಂದ ನಂದೀಶ್, ಒಂದು ಕ್ಷಣವೂ ಯೋಚಿಸದೆ. ಆಮೇಲೆ ನೇರವಾಗಿ ರಂಜಿನಿಯ ಮುಂದೆ ಬಂದು ನಿಂತ. ಅಂಗಿ ಬೆವರಿನಲ್ಲಿ ತೊಯ್ದಿತ್ತು.

“ಎಲ್ಲರೂ ಇನ್ನೊಂದು, ಇನ್ನೊಂದು ಅಂತಿದ್ರು. ನನ್ನ ಹತ್ರ ಎಂಟೇ ಇರೋದು.”

“ಗೊತ್ತು. ಎಂಟೂ ಕೇಳಿದೀನಿ.”

“ಒಂಬತ್ತನೇದು ಬರೀಬೇಕು ಅಂತಿದೀನಿ... ನಿಮ್ಮ ಮೇಲೆ. ನೀವಿಲ್ದೆ ಈ ಹದಿಮೂರು ದಿನ ಹೆಂಗಿದ್ದೆ ಅಂತ. ಇಷ್ಟ ರಂಜಿನಿ ನೀವಂದ್ರೆ. ತುಂಬಾ ಇಷ್ಟ.”

ಅವಳು ಅವನ ಬೆವರಿದ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಹದಿಮೂರು ದಿನದ ಹಾಡು ಬೇಡ ನಂದೀಶ್.”

“ಮತ್ತೆ?”

“ಇವತ್ತಿಂದ ಶುರುಮಾಡು... ನಾನು ಜೊತೇಲೇ ಇರ್ತೀನಲ್ಲ.”