ಮೈಬಿಟ್ಟು ಸರಿದ ಬಣ್ಣಗಳು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಓಣಿಯಲ್ಲಿ ಸೀರೆಗೆ ಅಚ್ಚು ಒತ್ತುತ್ತಿದ್ದ ತಿಪ್ಪವ್ವಜ್ಜಿ. ಕೈ ಕೆಲಸದಲ್ಲಿರುತ್ತಿತ್ತು, ಬಾಯಿ ಕತೆಯಲ್ಲಿರುತ್ತಿತ್ತು. ಆ ಪುಣ್ಯಾತಗಿತ್ತಿಯನ್ನೂ ಮನೆದೇವರನ್ನೂ ನೆನೆದು, ಕೇಳಿದಷ್ಟನ್ನು ಹೇಳುತ್ತೇನೆ.

ಬಲು ಹಿಂದೆ, ಹುಲಿಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಸುರಹೊನ್ನೆ ಎಂಬ ರಾಜ್ಯವಿತ್ತು. ಆ ರಾಜ್ಯದ ಒಂದು ತುದಿಯ ಊರಿನಲ್ಲಿ ಹೊಂಬಾಳೆ ಎಂಬ ಹೆಣ್ಣುಮಗಳಿದ್ದಳು. ಅವಳ ಗಂಡ ಬೀರಯ್ಯ ಮರದಲ್ಲಿ ಅಚ್ಚು ಕೆತ್ತುತ್ತಿದ್ದ, ಇವಳು ಆ ಅಚ್ಚನ್ನು ಬಣ್ಣಕ್ಕೆ ಅದ್ದಿ ಬಟ್ಟೆಗೆ ಒತ್ತುತ್ತಿದ್ದಳು. ಮೊದಲು ಗೆರೆಯ ಅಚ್ಚು. ಅದರಿಂದ ಹೂವಿನ ಅಂಚು ಮಾತ್ರ ಕಪ್ಪಾಗಿ ಮೂಡುತ್ತದೆ. ಆಮೇಲೆ ಕೆಂಪಿಗೊಂದು, ಅರಿಸಿನಕ್ಕೊಂದು, ನೀಲಿಗೊಂದು ಅಚ್ಚು. ಎಲ್ಲವೂ ಅದೇ ಗೆರೆಯೊಳಗೆ ಕೂರಬೇಕು. ಅದಕ್ಕೆಂದೇ ಪ್ರತಿ ಅಚ್ಚಿನ ಮೂಲೆಯಲ್ಲಿ ಸಣ್ಣ ಮೊಳೆ ಇರುತ್ತದೆ. ಹಿಂದಿನ ಒತ್ತು ಬಿಟ್ಟ ಚುಕ್ಕೆಯ ಮೇಲೆ ಆ ಮೊಳೆಯನ್ನಿಟ್ಟು ಒತ್ತುತ್ತ ಹೋದರೆ ಹೂವು ಹೂವಾಗುತ್ತದೆ. ಕಾಳಿನಷ್ಟು ತಪ್ಪಿದರೂ ಹೂವಿನ ಕೆಂಪು ಹೂವಿನಾಚೆ ಬೀಳುತ್ತದೆ.

ಒಂದು ಬೆಳಿಗ್ಗೆ ಜನ ಎದ್ದು ನೋಡಿದರೆ ರಾಜ್ಯದ ಬಣ್ಣವೆಲ್ಲ ಪಕ್ಕಕ್ಕೆ ಸರಿದಿತ್ತು. ದಾಸವಾಳದ ಕೆಂಪು ದಾಸವಾಳದಾಚೆ ಗಾಳಿಯಲ್ಲಿ ನಿಂತಿತ್ತು. ಗಿಣಿ ಮುಂದೆ ಹಾರಿದರೆ ಅದರ ಹಸಿರು ಹಿಂದೆ ಹಾರುತ್ತಿತ್ತು. ಮನುಷ್ಯರೆಂದರೆ ಬರೀ ಕಪ್ಪು ಗೆರೆ, ಪಕ್ಕದಲ್ಲಿ ಅವರವರ ಬಣ್ಣ. ರಾಜ ಸಿಂಹಾಸನದ ಹೊಳಪಿನ ಮೇಲೆ ಕೂರಲು ಹೋಗಿ ನೆಲಕ್ಕೆ ಬಿದ್ದ. ಯಾರಿಗೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಎಲ್ಲರೂ ತಮ್ಮ ಬಣ್ಣದ ಹಿಂದೆ ಸುತ್ತುತ್ತಿದ್ದರು, ಬಣ್ಣ ಅಷ್ಟೇ ದೂರ ಸರಿಯುತ್ತಿತ್ತು.

ಹೊಂಬಾಳೆಗೆ ಎಳೆಗೂಸೊಂದಿತ್ತು. ಅದು ಹಾಲು ಕುಡಿಯಲಿಲ್ಲ.

"ನೀನು ಸರಿಯಾಗಿ ಎತ್ತಿಕೊಂಡಿಲ್ಲ ಕಣೇ" ಎಂದಳು ಅತ್ತೆ ದ್ಯಾವಮ್ಮ.

"ಎದೆಗೆ ಒತ್ತಿಕೊಂಡೇ ಇದ್ದೀನಿ ಅತ್ತೇ. ಅದು ನನ್ನ ಬಣ್ಣದ ಕಡೆಗೇ ಕೈ ಚಾಚುತ್ತೆ. ನಾನು ಯಾರೋ ಅಂತ ಅಳುತ್ತೆ."

ದ್ಯಾವಮ್ಮ ನಿಟ್ಟುಸಿರು ಬಿಟ್ಟಳು. "ಇದು ಅಂಕುಡ ಮಾಂತ್ರಿಕನ ಕೆಲಸ. ಮೂಡಣ ಗವಿಯಲ್ಲಿ ನಮ್ಮನ್ನೆಲ್ಲ ಹುಟ್ಟಿಸಿದ ದೇವಿ ತಾಯಿಯ ಬಟ್ಟೆ ಇದೆ. ನಮ್ಮ ರಾಜ್ಯವನ್ನು ತಾಯಿ ಒತ್ತಿದ್ದು ಅದರ ಮೇಲೇ. ಆ ಪಾಪಿ ಹಿಂದೆ ರಾಜನ ಹೊಳಪಿಗೆ ಆಸೆಪಟ್ಟು ತನ್ನ ಬಣ್ಣವನ್ನು ಅರಮನೆಯ ಮೇಲೆ ಎಳೆದ. ಅಲ್ಲಿಯೂ ಹತ್ತಲಿಲ್ಲ, ಇವನಿಗೂ ಮರಳಲಿಲ್ಲ. ಅವತ್ತಿಂದ ಅವನಿಗೆ ನೆಮ್ಮದಿ ಇಲ್ಲ. ಈಗ ತನಗಿಲ್ಲದ್ದು ಯಾರಿಗೂ ಬೇಡ ಅಂತ ಎಲ್ಲರ ಬಣ್ಣ ಸರಿಸಿದ್ದಾನೆ."

"ನಾನು ಹೋಗಿ ಬರ್ತೀನಿ" ಎಂದು ಬೀರಯ್ಯ ಎದ್ದ.

"ನಿಮಗೆ ಕೆತ್ತೋಕೆ ಬರುತ್ತೆ, ಒತ್ತೋಕೆ ಬರಲ್ಲ" ಎಂದಳು ಹೊಂಬಾಳೆ. "ಆಡಿನ ಹಾಲಲ್ಲಿ ಬತ್ತಿ ಅದ್ದಿ ಕೂಸಿನ ಬಾಯಿಗೆ ಹನಿಸ್ತಾ ಇರಿ. ಅದರ ಮೇಲೆ ಬಹಳ ಹೊತ್ತು ಜೀವ ನಿಲ್ಲಲ್ಲ. ನಾನು ಬೇಗ ಬರಬೇಕು." ತಾಯಿಗೆ ಕೈಮುಗಿದು ಹೊರಟೇಬಿಟ್ಟಳು.

ಕಾಡಿನಲ್ಲಿ ಹುಲಿಯೊಂದು ಅಡ್ಡ ಬಂತು. ಬಲಗಡೆ ಉರಿಯುವ ಹಳದಿ ಗುಡುಗುಡಿಸುತ್ತ ನೆಗೆಯುತ್ತಿತ್ತು. ಎಡಗಡೆ ಕಪ್ಪು ಪಟ್ಟೆಗಳಷ್ಟೇ ಮೆಲ್ಲಗೆ ಹೆಜ್ಜೆಯಿಡುತ್ತಿದ್ದವು. ದಾರಿಹೋಕರು ಹಳದಿಗೆ ಹೆದರಿ ಎಡಕ್ಕೆ ಓಡಿ ಹುಲಿಯ ಬಾಯಿಗೇ ಬೀಳುತ್ತಿದ್ದರು. ಹೊಂಬಾಳೆ ಅಚ್ಚಿನ ಮನೆಯವಳು. ಪ್ರಾಣಿ ಇರುವುದು ಗೆರೆಯಲ್ಲಿ, ಬಣ್ಣ ಆಮೇಲೆ ಬಂದದ್ದು ಎಂದು ಅವಳಿಗೆ ಗೊತ್ತು. ಆ ಉರಿಯುವ ಹಳದಿಯೊಳಗೇ ನುಗ್ಗಿ ನಡೆದಳು. ಅದು ಬಿಸಿಲಿನಷ್ಟು ಬೆಚ್ಚಗಿತ್ತು, ಅಷ್ಟೇ.

"ಎಲೇ ಹೆಂಗಸೇ, ನನ್ನ ಮೈ ಸಿಕ್ಕರೆ ತಂದುಕೊಡೇ" ಎಂದು ಹಿಂದಿನಿಂದ ಪಟ್ಟೆಗಳು ಕೂಗಿದವು.

"ತರ್ತೀನಿ. ಅಲ್ಲಿವರೆಗೆ ಯಾರನ್ನೂ ತಿನ್ನಬೇಡ" ಎಂದಳು.

ಕಾಡು ದಾಟಿದರೆ ಹೊಳೆ. ನೀಲಿಯ ನಡುವೆ ಅಂಬಿಗನೊಬ್ಬ ದೋಣಿಯಲ್ಲಿ ಕೂತು ಬೆವರು ಸುರಿಸಿ ಹುಟ್ಟು ಹಾಕುತ್ತಿದ್ದ.

"ಅಣ್ಣಾ, ಆಚೆ ದಡಕ್ಕೆ ಬಿಡ್ತೀಯಾ?"

"ಬೆಳಿಗ್ಗೆಯಿಂದ ಹುಟ್ಟು ಹಾಕ್ತಿದ್ದೀನಿ ತಂಗೀ, ದೋಣಿ ಜರುಗಲ್ಲ ಅನ್ನುತ್ತೆ!"

"ನೀನಿರೋದು ಮರಳಿನ ಮೇಲೆ, ಅಣ್ಣಾ. ಹೊಳೆ ಇಲ್ಲಿದೆ ನೋಡು" ಎಂದು ಹೊಂಬಾಳೆ ಕಣ್ಣಿಗೆ ಬರೀ ನೆಲದಂತೆ ಕಾಣುವಲ್ಲಿಗೆ ಕಲ್ಲೆಸೆದಳು. ಕಲ್ಲು ಗುಳುಂ ಎಂದು ಮುಳುಗಿತು. ಅಂಬಿಗ ಹಣೆ ಚಚ್ಚಿಕೊಂಡ. ಇಬ್ಬರೂ ಸೇರಿ ದೋಣಿ ತಳ್ಳಿದರು. ಕಾಣದ ನೀರಿನ ಮೇಲೆ ಕಣ್ಣು ಮುಚ್ಚಿ, ದೇವರ ಹೆಸರು ಹೇಳುತ್ತ ಅವನು ಅವಳನ್ನು ದಾಟಿಸಿದ.

ಗವಿಯಲ್ಲಿ ಉದ್ದನೆಯ ಹಾಸುಗಲ್ಲಿನ ಮೇಲೆ ತಾಯಿಯ ಬಟ್ಟೆ ಹರಡಿತ್ತು. ಕಾಡು, ಹೊಳೆ, ಕೋಟೆ, ಕೊಟ್ಟಿಗೆ, ಎಲ್ಲವೂ ಅದರಲ್ಲಿದ್ದವು. ಜನರ ಗೆರೆಗಳು ಇರುವೆಗಳಂತೆ ಓಡಾಡುತ್ತಿದ್ದವು. ಪಕ್ಕದಲ್ಲಿ ತಾಯಿಯ ಅಚ್ಚುಗಳಿದ್ದವು, ಬಣ್ಣಕ್ಕೊಂದರಂತೆ. ಬಟ್ಟೆಯ ಯಾವ ಜಾಗಕ್ಕೆ ಹಿಡಿದರೆ ಆ ಜಾಗದ ಆಕಾರ ತಾಳುವ ಅಚ್ಚುಗಳವು. ಬಟ್ಟೆಯ ಹತ್ತಿರದ ಮೂಲೆಯಲ್ಲಿ ಅಂಕುಡ ಕುಕ್ಕರುಗಾಲಿನಲ್ಲಿದ್ದ. ಏಳುತ್ತಿದ್ದ, ಕೂರುತ್ತಿದ್ದ, ಮೈ ಕೆರೆಯುತ್ತಿದ್ದ, ಆದರೆ ಕಾಲಿನ ಹೆಬ್ಬೆರಳನ್ನು ಮಾತ್ರ ಬಟ್ಟೆಯ ಮೂಲೆಯಿಂದ ತೆಗೆಯುತ್ತಿರಲಿಲ್ಲ.

ಹೊಂಬಾಳೆ ಬಟ್ಟೆಯನ್ನು ಗವಿಯ ಒರತೆಯ ನೀರಿನಿಂದ ತೋಯಿಸಿದಳು. ತಪ್ಪಾಗಿ ಕೂತ ಬಣ್ಣವೆಲ್ಲ ಹರಿದುಹೋಯಿತು, ಗೆರೆ ಉಳಿಯಿತು. ಬಟ್ಟೆ ಒಣಗುವವರೆಗೆ ಕಾಯುವಾಗ ಅವಳ ಜೀವ ಹಾರುತ್ತಿತ್ತು.

"ಒತ್ತಮ್ಮಾ, ಒತ್ತು. ನಾನೇನು ಬೇಡ ಅಂದೆನಾ?" ಎಂದು ಅಂಕುಡ ನಕ್ಕ. "ಆ ತುದಿಯಲ್ಲಿ ನಿನ್ನ ಮನೆ ಇದೆ. ತೊಟ್ಟಿಲು ನೋಡು. ಕೂಸಿನ ಕೊರಳು ಸೋತಿದೆ. ಇನ್ನೂ ಯಾಕೆ ತಡ?"

ತಾಯಿಕರುಳು ತಡೆಯಲಿಲ್ಲ. ಹೊಂಬಾಳೆ ಕೆಂಪಿನ ಅಚ್ಚು ಹಿಡಿದು ಆ ತುದಿಗೆ ಓಡಿದಳು. ಕಣ್ಣಳತೆಯಲ್ಲೇ ತನ್ನ ಮನೆಯ ಮೇಲೆ ಒತ್ತಿದಳು. ತೊಟ್ಟಿಲಿನ ಕೆಂಪು ತೊಟ್ಟಿಲಿನಲ್ಲೇ ಕೂತಿತು. ಅಲ್ಲಿಂದ ಚುಕ್ಕೆಗೆ ಚುಕ್ಕೆ ಹಿಡಿದು ಈಚೆ ಬಂದಳು. ಊರಿನಲ್ಲಿ ಕೂದಲೆಳೆಯಷ್ಟು ತಪ್ಪಿತು. ಕೋಟೆಯಲ್ಲಿ ಬೆರಳಷ್ಟಾಯಿತು. ಹೊಳೆಯ ಹೊತ್ತಿಗೆ ಗೇಣಾಯಿತು. ಬಟ್ಟೆಯ ಮೂಲೆಯಲ್ಲಿದ್ದ ಗವಿಯ ಚಿತ್ರ ತಲುಪಿದಾಗ ನೋಡುತ್ತಾಳೆ, ಅವಳದೇ ಕೈಯ ಕೆಂಪು ಅವಳಿಂದ ಮಾರುದೂರ ನಿಂತಿದೆ! ಮನೆ ಸರಿಯಾಯಿತು, ಮನೆಗೆ ಮರಳಬೇಕಾದ ತಾಯಿ ಸರಿಯಾಗಲಿಲ್ಲ.

ಅಂಕುಡ ಚಪ್ಪಾಳೆ ತಟ್ಟಿದ.

ಹೊಂಬಾಳೆ ಅಳಲಿಲ್ಲ. ಮತ್ತೆ ನೀರು ತಂದಳು, ಮತ್ತೆ ತೋಯಿಸಿದಳು, ಮತ್ತೆ ಒಣಗಲು ಕಾದಳು. ತೊಟ್ಟಿಲಿನ ಕೆಂಪೂ ಹೋಯಿತು. ಮೂಲೆ ಬಿಟ್ಟು ಮನಸ್ಸಿಗೆ ಬೇಕಾದಲ್ಲಿಂದ ಶುರುಮಾಡಿದೆನಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಮೊದಲ ಚುಕ್ಕೆ ತಾಯಿಯದು. ಅದಿರುವುದು ಮೂಲೆಯಲ್ಲಿ, ಮಾಂತ್ರಿಕನ ಹೆಬ್ಬೆರಳಿನ ಅಡಿಯಲ್ಲಿ. ಆ ಮೂಲೆಯ ಒಂದೇ ಒತ್ತಿನೊಳಗೆ ಅವನೂ ಇದ್ದಾನೆ, ಎದುರು ನಿಂತ ಅವಳೂ ಇದ್ದಾಳೆ. ಅವನನ್ನು ಬಿಟ್ಟು ಅವಳು ಸರಿಯಾಗುವಂತಿಲ್ಲ.

"ಕಾಲು ತೆಗಿಯಪ್ಪಾ."

"ತೆಗೆಯಲ್ಲ! ನನ್ನನ್ನ ಸರಿಮಾಡೋಕೆ ನೀನ್ಯಾರು?"

ಹೊಂಬಾಳೆ ಅಚ್ಚನ್ನು ಬಣ್ಣಕ್ಕೆ ಅದ್ದಿ, ಮೂಲೆಯ ಮೇಲೆ ಹಿಡಿದು, ಅಲುಗದೆ ನಿಂತಳು. ಎದೆಯಲ್ಲಿ ಹಾಲು ಬಿಗಿದು ನೋಯುತ್ತಿತ್ತು. ಪ್ರತಿ ಉಸಿರಿಗೂ ಓಡು ಓಡು ಎನ್ನುತ್ತಿತ್ತು ಮನಸ್ಸು. ಅವಳು ಓಡಲಿಲ್ಲ. ಅಂಕುಡ ಬೈದ, ಹಾವಿನಂತೆ ಬುಸುಗುಟ್ಟಿದ, ಕೂಸಿನ ದನಿಯಲ್ಲಿ ಅತ್ತ. ಅವಳ ಕಣ್ಣಲ್ಲಿ ನೀರಿಳಿಯಿತು, ಕೈ ಮಾತ್ರ ಅಲುಗಲಿಲ್ಲ. ಆದರೆ ಅವನು ಎಷ್ಟು ಹೊತ್ತು ಒಂದೇ ಕಡೆ ಕಾಲಿಟ್ಟಾನು? ನೆಮ್ಮದಿ ಕಳೆದುಕೊಂಡ ಜೀವ ಅದು. ಒಂದು ಗಳಿಗೆಯಲ್ಲಿ ಹೆಬ್ಬೆರಳು ತಾನಾಗಿ ಮೇಲೆದ್ದಿತು.

ಹೊಂಬಾಳೆ ಒತ್ತಿದಳು.

ಮೊಳೆ ತಾಯಿಯ ಚುಕ್ಕೆಯಲ್ಲಿ ಇಳಿಯಿತು. ಅವಳ ಕೈಗೆ ಕೆಂಪು ಬಂತು. ಅಂಕುಡನ ತುಟಿಗೂ ಬಂತು. ಅವನು ಬಾಯಿ ತೆರೆದವನು ಹಾಗೇ ಕೂತುಬಿಟ್ಟ.

"ಅಕ್ಕಾ" ಎಂದ ಮೆಲ್ಲಗೆ, "ಮೈ ಕಡಿಯುತ್ತಿಲ್ಲ. ಇನ್ನೂ ಎರಡು ಬಣ್ಣ ಇದೆಯಲ್ಲ?"

"ಇದೆ. ಸುಮ್ಮನೆ ಕೂರೋ ಬದಲು ಬಟ್ಟೆಯ ಆ ಅಂಚು ಎಳೆದು ಹಿಡ್ಕೋ."

ಅವನು ಹಿಡಿದ. ಹೊಂಬಾಳೆ ಚುಕ್ಕೆಗೆ ಚುಕ್ಕೆ ಇಟ್ಟು ಹೊಳೆ, ಕಾಡು, ಕೋಟೆಯನ್ನೆಲ್ಲ ಒತ್ತುತ್ತ ಹೋದಳು. ಕೆಂಪು ಮುಗಿಸಿ ಅರಿಸಿನ, ಅರಿಸಿನ ಮುಗಿಸಿ ನೀಲಿ. ಪ್ರತಿ ಸಲವೂ ಅವಳ ಮನೆ ಕೊನೆಗೇ ಬಂತು. ಪ್ರತಿ ಸಲವೂ ಕಾದಳು. ಹುಲಿಗೆ ಹಳದಿ ಸಿಕ್ಕಿತು, ಹೊಳೆಗೆ ನೀಲಿ ಸಿಕ್ಕಿತು, ಅರಿಸಿನದ ಮೇಲೆ ನೀಲಿ ಕೂತಲ್ಲೆಲ್ಲ ಗಿಣಿಗಳು ಹಸಿರಾದವು. ಕೊನೆಯ ಒತ್ತು ತೊಟ್ಟಿಲಿನ ಮೇಲೆ ಬಿದ್ದಾಗ ಹೊಂಬಾಳೆ ಅಚ್ಚನ್ನು ಕೆಳಗಿಟ್ಟು ಓಡಿದಳು.

ಮನೆಯ ಬಾಗಿಲಲ್ಲಿ ಬೀರಯ್ಯ ಕೂಸನ್ನು ಹಿಡಿದು ನಿಂತಿದ್ದ. ಕೂಸು ಸೋತ ಕಣ್ಣು ತೆರೆಯಿತು. ಪಕ್ಕಕ್ಕೆ ನೋಡಲಿಲ್ಲ. ನೇರವಾಗಿ ಅವಳ ಮುಖಕ್ಕೇ ಕೈ ಚಾಚಿತು.

"ನಿಧಾನವಾಗಿ ಕುಡಿಸೇ, ನೆತ್ತಿಗೇರೀತು" ಎಂದು ದ್ಯಾವಮ್ಮ ಗದರಿದಳು. ಹಾಗೆನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಕುಡ ಮಂತ್ರ ಬಿಟ್ಟು ಗವಿಯಲ್ಲೇ ತಾಯಿಯ ಬಟ್ಟೆ ಕಾಯುತ್ತ ಉಳಿದ. ಸುರಹೊನ್ನೆಯ ಜನ ಉಂಡು, ಉಟ್ಟು, ಕೂತಲ್ಲಿ ನೆಮ್ಮದಿಯಾಗಿ ಕೂತು ಬಾಳಿದರು. ತಾಯಿ ನಿಮ್ಮನ್ನೂ ಹಾಗೇ ಇಡಲಿ. ಕೇಳಿದ ನೀವು ಈ ಕತೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಅಳುವ ಕೂಸನ್ನು ತಟ್ಟುತ್ತ ಕೂತ ಯಾವ ತಾಯಿ ಕಂಡರೂ, ಪಕ್ಕದಲ್ಲಿ ಕೂತು ಅವಳಿಗೊಮ್ಮೆ ಹೇಳಿ.