ನಿಧಾನಕ್ಕೆ ಬಾಗುವ ಮನೆ

ಕಡ್ಡಿಯ ಮನೆ ಕುಸಿದ ಕ್ಷಣ ಇಡೀ ಎಂಟನೇ ತರಗತಿ ಹೋ ಎಂದು ಕೂಗಿತು.

"ಇನ್ನೊಂದ್ಸಲ ಅಕ್ಕಾ, ಇನ್ನೊಂದ್ಸಲ!"

ಲಮ್ರಿಯಾ ಹಿಡಿಕೆ ಬಿಟ್ಟು ನಕ್ಕಳು. ಅಲುಗಾಡುವ ಹಲಗೆ, ಅದರ ಮೇಲೆ ಮಕ್ಕಳೇ ಅಂಟಿಸಿ ಕಟ್ಟಿದ ಮನೆ, ಭೂಕಂಪ ತರಿಸಲು ಒಂದು ಹಿಡಿಕೆ. ಶಾಲೆಗಳಿಗೆ ಕಲಿಕೆಯ ಸಾಮಾನು ಮಾಡುವ ಜಾವಾದ ಜೋಗ್ಜಾ ನಗರದ ಪುಟ್ಟ ಕಾರ್ಖಾನೆಯಲ್ಲಿ ಅವಳು ಸ್ವಂತವಾಗಿ ರೂಪಿಸಿದ ಮೊದಲ ವಸ್ತು ಅದು.

ಹೊಗಳಿಕೆಗಾಗಿ ವಿಜ್ಞಾನದ ಮೇಷ್ಟ್ರನ್ನು ಹುಡುಕಿದಳು. ಲುಕಿತೊ ಬಾಗಿಲಲ್ಲಿ ನಿಂತಿದ್ದ. ಕೈ ಚೌಕಟ್ಟನ್ನು ಹಿಡಿದಿತ್ತು, ಒಂದು ಕಾಲು ಆಗಲೇ ಹೊರಗಿತ್ತು.

"ಹೇಗಿದೆ ಮಾಸ್?" ಜಾವಾದಲ್ಲಿ ಯುವಕರನ್ನು ಗೌರವದಿಂದ ಕರೆಯುವ ಹಾಗೆಯೇ ಕರೆದು ಕೇಳಿದಳು.

"ಚೆನ್ನಾಗಿದೆ," ಎಂದ ಅವನು ಮೆಲ್ಲಗೆ.

ಅಷ್ಟು ಮೆಲ್ಲಗೆ ಮಾತಾಡುವ ಗಂಡಸನ್ನು ಅವಳು ಕಂಡಿರಲಿಲ್ಲ. ಸುಮಾತ್ರಾ ದ್ವೀಪದ ಮೇದಾನ್‌ನ ಅವಳ ಬತಾಕ್ ಸಮುದಾಯದ ಮನೆಯಲ್ಲಿ ಉಪ್ಪು ಕೇಳಿದರೂ ಜಗಳದಂತೆ ಕೇಳಿಸುತ್ತಿತ್ತು.

ಆಮೇಲೆ ಪ್ರತಿ ಗುರುವಾರ ಅವಳು ನಗರದಾಚೆಯ ಬಂತುಲ್‌ನ ಆ ಶಾಲೆಗೆ ಸ್ಕೂಟರ್ ಓಡಿಸಿದಳು. ಉಳಿದ ದಿನಗಳ ಪಾಠಕ್ಕೆಂದು ಕಡ್ಡಿ ಮನೆಯ ಸಾಮಾನಿನ ಹೊಸ ಡಬ್ಬಗಳನ್ನು ಬಿಟ್ಟುಬರುತ್ತಿದ್ದಳು. ಕೇಳಿದರೆ, ಮಕ್ಕಳು ದಿನಾ ಮಾಡ್ತಾರೆ ಎನ್ನುತ್ತಿದ್ದ ಲುಕಿತೊ. ತರಗತಿ ಮುಗಿದರೆ ಎದುರಿನ ಅಂಗಡಿಯಲ್ಲಿ ಇಬ್ಬರಿಗೂ ಅನ್ನ, ಹಲಸಿನಕಾಯಿಯ ಸಿಹಿ ಗುದೆಗ್.

"ಹಿಡಿಕೆ ಇನ್ನೂ ಜೋರಾಗಿ ತಿರುಗೋ ಹಾಗೆ ಮಾಡ್ಲಾ?"

"ಮಾಡಿ."

"ಮನೆ ಒಂದೇ ಏಟಿಗೆ ಬಿದ್ರೆ ಮಕ್ಕಳಿಗೆ ಇನ್ನೂ ಮಜಾ ಅಲ್ವಾ?"

"ಹೂಂ... ಇರಬಹುದು."

ಅಂಗಡಿಯ ಪೋನಿಯಾ ಅಮ್ಮ ಬಡಿಸುತ್ತಾ ಕಿಚಾಯಿಸಿದಳು. "ಅವನು ಹೂಂ ಅಂದ್ರೆ ಕೇಳಿಸ್ಕೊಂಡೆ ಅಂತ ಕಣಮ್ಮಾ, ಒಪ್ಕೊಂಡೆ ಅಂತಲ್ಲ. ನಮ್ಮ ಜಾವಾದವರ ಹೊಟ್ಟೇಲಿ ಏನಿದೆ ಅಂತ ಬಗೆದೇ ನೋಡ್ಬೇಕು."

"ನಮ್ಮವರಲ್ಲಿ ಬಗೆಯೋ ಕಷ್ಟವೇ ಇಲ್ಲ. ಎಲ್ಲಾ ಬಾಯಲ್ಲೇ ಇರುತ್ತೆ."

ಲುಕಿತೊ ನಕ್ಕ. ಆ ನಗುವಿನಲ್ಲಿ ಅವಳಿಗೆ ಪೋನಿಯಾ ಅಮ್ಮನ ಮಾತೇ ಮರೆತುಹೋಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರ್ಖಾನೆಯ ಯಜಮಾನರು ಕರೆದರು. ಮೇಷ್ಟ್ರು ಮೆಚ್ಚಿದ್ದಾರಲ್ಲ, ಇನ್ನು ದೂರದ ಸುರಬಾಯಾದ ದೊಡ್ಡ ಕಾರ್ಖಾನೆಯಲ್ಲಿ ಈ ಮನೆ ಸಾವಿರಗಟ್ಟಲೆ ತಯಾರಾಗಲಿ, ಮೇಲ್ವಿಚಾರಣೆಗೆ ನೀನೇ ಹೋಗಿ ಅಲ್ಲೇ ಇರು, ಎಂದರು.

ಅವಳು ಹೋಗಿ ಕೇಳಿದ್ದು ಲುಕಿತೊನನ್ನೇ. "ಹೋಗ್ಲಾ ಮಾಸ್?"

ಅವನು ಕೈಯ ತುತ್ತನ್ನು ತಟ್ಟೆಗೇ ಇಳಿಸಿದ. "ಹೋಗಿ. ಒಳ್ಳೇ ಅವಕಾಶ."

ಅಷ್ಟೇನಾ? ಇಷ್ಟು ಗುರುವಾರಗಳು ಇವನಿಗೆ ಬರೀ ವಾರದ ದಿನಗಳೇನಾ?

ಮರುದಿನವೇ ಡಬ್ಬಗಳನ್ನು ವಾಪಸ್ಸು ಒಯ್ಯಲು ಬಂದಳು. ಬೀರು ತೆರೆದವಳು ಹಾಗೇ ನಿಂತುಬಿಟ್ಟಳು. ಒಂದು ಡಬ್ಬದ ಟೇಪೂ ಬಿಚ್ಚಿರಲಿಲ್ಲ.

ಲುಕಿತೊ ಒಳಗೆ ಬಂದ. ಮಕ್ಕಳು ಮನೆಗೆ ಹೋಗಿಯಾಗಿತ್ತು.

"ಮಕ್ಕಳು ದಿನಾ ಮಾಡ್ತಾರೆ ಅಂದ್ರಿ."

"ಕ್ಷಮಿಸಿ."

"ಕ್ಷಮೆ ಯಾರಿಗೆ ಬೇಕು? ಇಷ್ಟ ಇಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು? ನಿಮ್ಮ ಹೂಂ ನಂಬ್ಕೊಂಡು ಈ ಮನೆ ಸುರಬಾಯಾಕ್ಕೆ ಹೊರಟಿದೆ. ನಾನೂ ಹೊರಟಿದ್ದೀನಿ..."

ಅವನು ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತ.

"ನಮ್ಮ ಬಂತುಲ್‌ನಲ್ಲಿ ಆ ದೊಡ್ಡ ಭೂಕಂಪ ಆದಾಗ ನಾನು ಎರಡನೇ ಕ್ಲಾಸು. ಅಪ್ಪ ಆಗಷ್ಟೇ ಮುಂದೆ ಇಟ್ಟಿಗೆ ಕೋಣೆ ಕಟ್ಟಿಸಿದ್ರು. ಬಂದವರಿಗೆಲ್ಲ ಗೋಡೆ ತಟ್ಟಿ ತಟ್ಟಿ ತೋರಿಸೋರು. ಅದು ನಿಮ್ಮ ಕಡ್ಡಿ ಮನೆ ಥರಾನೇ ಬಿತ್ತು. ಒಂದೇ ಏಟಿಗೆ. ಅಪ್ಪ ಒಳಗೇ ಮಲಗಿದ್ರು."

ಲಮ್ರಿಯಾ ಎದುರಿನ ಬೆಂಚಿನಲ್ಲಿ ಕೂತಳು.

"ನಾನು, ಅಜ್ಜಿ ಹಿಂದಿನ ಬಿದಿರಿನ ಅಡುಗೆಮನೇಲಿದ್ವಿ. ಅದೂ ಬಿತ್ತು. ಆದ್ರೆ ಗಂಟುಗಳು ಒಂದೊಂದಾಗಿ ಸಡಿಲ ಆಗಿ, ನಿಧಾನಕ್ಕೆ ಬಾಗಿ... ನಾವಿಬ್ರೂ ಹೊರಗೆ ಬರೋವಷ್ಟು ಹೊತ್ತು ಕೊಡ್ತು."

ಪ್ರತಿ ಗುರುವಾರ ಇವನ ಅಪ್ಪನ ಕೋಣೆಯನ್ನು ಇವನೆದುರೇ ಬೀಳಿಸಿ, ಮಜಾ ಅಲ್ವಾ ಎಂದು ಕೇಳಿದ್ದೇನೆ... ಅವಳು ಡಬ್ಬವನ್ನು ಎಳೆದುಕೊಂಡು ಪರ್ ಎಂದು ಟೇಪು ಹರಿದಳು.

"ಆ ಗಂಟು ಹೇಗಿತ್ತು? ತೋರಿಸಿ."

ಅಂಟಿನ ಬದಲು ದಾರ ಬಂತು. ದಪ್ಪ ಕಡ್ಡಿಯ ಬದಲು ಬಳುಕುವ ಬಿದಿರು ಸೀಳು. ಮನೆಯೊಳಗೆ ಒಂದು ಬೆರಳುದ್ದದ ಗೊಂಬೆ. ಅಲುಗಾಟ ಶುರುವಾದ ಮೇಲೆ ಗೊಂಬೆಯನ್ನು ನೂಲು ಹಿಡಿದು ಹೊರಗೆಳೆಯಬೇಕು. ಅಲ್ಲಿಯವರೆಗೆ ಮನೆ ನಿಲ್ಲಬೇಕು, ಆಮೇಲೆ ಬಿದ್ದರೂ ಚಿಂತೆಯಿಲ್ಲ.

ಸುರಬಾಯಾ ಕಾಯಲಿ ಎಂದು ಯಜಮಾನರನ್ನು ಅವಳು ಒಪ್ಪಿಸಿದಳು. ಸಂಜೆಗಳೆಲ್ಲ ಗಂಟು ಬಿಗಿಯುವುದರಲ್ಲೇ ಕಳೆದವು.

"ಇದು ಸರಿಯಿಲ್ಲ," ಎಂದ ಲುಕಿತೊ ಒಂದು ಸಂಜೆ, ಅವಳ ಗಂಟನ್ನು ನೋಡಿ.

ಅವಳು ತಲೆಯೆತ್ತಿದಳು. "ಏನಂದ್ರಿ?"

"ಸರಿಯಿಲ್ಲ... ಬಿಚ್ಚಿ."

"ಅಬ್ಬಾ, ಎಷ್ಟು ಚೆನ್ನಾಗಿ ಬೈತೀರಿ. ಇನ್ನೊಂದು ಸ್ವಲ್ಪ ಬೈಯ್ರಿ."

ಅವನ ಕಿವಿ ಕೆಂಪಾಯಿತು. ಆದರೂ ಬೈದ.

ಮಕ್ಕಳು ಕಟ್ಟಿದ ಹೊಸ ಮನೆಗಳ ಪರೀಕ್ಷೆಯ ದಿನ ಹಿಡಿಕೆ ತಿರುಗಿಸಿದವನು ಅವನೇ. ಮನೆಗಳು ಕಿರುಗುಟ್ಟಿ ವಾಲಿದವು. ತರಗತಿ ಈ ಸಲ ಉಸಿರು ಬಿಗಿಹಿಡಿದು ನೋಡಿತು. "ಬೇಗ ಎಳಿಯೇ, ಅವಳು ಇನ್ನೂ ಒಳಗಿದ್ದಾಳೆ," ಎಂದು ಒಬ್ಬ ಹುಡುಗಿ ಗೆಳತಿಯನ್ನು ಗದರಿದಳು. ಗೊಂಬೆ ಹೊರಬಂದಾಗ ಲುಕಿತೊ ಗೋಡೆಗೆ ತಿರುಗಿ ಕನ್ನಡಕ ಒರೆಸಿಕೊಂಡ.

ಮಕ್ಕಳು ಹೋದರು. ಇಬ್ಬರೂ ನೆಲದ ಮೇಲಿನ ಕಡ್ಡಿ ಆರಿಸತೊಡಗಿದರು.

"ಇನ್ನು ಇದು ಸುರಬಾಯಾಕ್ಕೆ ಹೋಗಬಹುದಾ?"

"ಹೋಗ್ಲಿ."

"ನಾನು?"

ಅವನ ಬಾಯಿ ಅಭ್ಯಾಸದಂತೆ ಹೂಂ ಎನ್ನಲು ತೆರೆಯಿತು. ಮುಚ್ಚಿಕೊಂಡಿತು. ಲಮ್ರಿಯಾ ಕಾದಳು. ಜೀವನದಲ್ಲಿ ಯಾವುದಕ್ಕೂ ಹೀಗೆ ಕಾದವಳಲ್ಲ.

"ಬೇಡ," ಎಂದ ಕೊನೆಗೆ. "ನೀವು ಹೋಗೋದು ನನಗೆ ಇಷ್ಟ ಇಲ್ಲ. ಅವತ್ತೂ ಇರಲಿಲ್ಲ."

"ಮರ್ಯಾದೆಗೆ ಹೇಳ್ತಿದ್ದೀರಾ?"

"ಇಲ್ಲ ಲಮ್ರಿಯಾ. ಸ್ವಾರ್ಥಕ್ಕೆ."

ಅಲ್ಲಿ ನೋಡಿಕೊಳ್ಳಲು ಬೇರೆಯವರು ಸಿಗುತ್ತಾರೆ, ಮುಂದಿನ ಸೇತುವೆ ಪಾಠವನ್ನು ಇಲ್ಲೇ ಕೂತು ಮಾಡಬಹುದು... ಅವಳಿಗೆ ಹೇಳಲು ಬಹಳ ಇತ್ತು. ಗಂಟಲಿಂದ ಹೊರಟಿದ್ದು ಮಾತ್ರ ಒಂದೇ ಪದ, ಅದೂ ಪಿಸುಮಾತಿನಲ್ಲಿ.

"ಹೋಗಲ್ಲ."

"ಕೇಳಿಸ್ಲಿಲ್ಲ."

"ಹಾಗಾದ್ರೆ ಹತ್ತಿರ ಬನ್ನಿ ಮಾಸ್."